ಖಾಲಿ ಸಿಲಿಂಡರ್ ತಿಪ್ಪೆ ಸೇರುವುದಿಲ್ಲ

ತಿಪ್ಪೆಯ ಮೇಲೆ ಅಡುಗೆ ಅನಿಲದ ಸಿಲಿಂಡರ್ ಬಿದ್ದಿರುವುದನ್ನು ಯಾರೂ ಕಂಡಿಲ್ಲ. ಊರಾಚೆಯ ಕಸದ ರಾಶಿಯಲ್ಲಿ ಏನೇನೋ ಸಿಗುತ್ತದೆ: ಒಡೆದ ಸೀಸೆ, ಹಳೇ ಟಿ.ವಿ.ಯ ಚಿಪ್ಪು, ಟ್ಯೂಬ್‌ಲೈಟು, ರಿಮೋಟಿನ ಸೆಲ್ಲು, ಬಿಸ್ಕತ್ತಿನ ಹೊದಿಕೆ, ಲೆಕ್ಕವಿಲ್ಲದಷ್ಟು ಶಾಂಪೂ ಸ್ಯಾಶೆ. ದೇಶದ ಮೂವತ್ತು ಕೋಟಿಗೂ ಹೆಚ್ಚು ಮನೆಗಳಲ್ಲಿ ಓಡಾಡುವ ಸಿಲಿಂಡರ್ ಮಾತ್ರ ಅಲ್ಲಿಗೆ ಬರುವುದಿಲ್ಲ. ಸಿಲಿಂಡರ್ ವಿಷಯದಲ್ಲಿ ನಾವೆಲ್ಲ ಇದ್ದಕ್ಕಿದ್ದಂತೆ ಪರಿಸರಪ್ರೇಮಿಗಳಾಗುತ್ತೇವೆ ಎಂದಲ್ಲ. 14.2 ಕೆ.ಜಿ.ಯ ಸಿಲಿಂಡರಿಗೆ ಹೊಸ ಗ್ರಾಹಕರು 2022ರ ಜೂನ್‌ನಿಂದ 2,200 ರೂಪಾಯಿ ಡಿಪಾಸಿಟ್ ಇಡಬೇಕು. ಅನಿಲ ನಮ್ಮದು, ಸಿಲಿಂಡರ್ ಕೊನೆಯವರೆಗೂ ಕಂಪನಿಯದೇ. ತುಂಬಿದ್ದನ್ನು ತಂದ ಗಾಡಿಯೇ ಖಾಲಿಯನ್ನು ಹೊತ್ತೊಯ್ಯುತ್ತದೆ. ಖಾಲಿ ಕೊಡದಿದ್ದರೆ ತುಂಬಿದ್ದು ಸಿಗದು. ಇಷ್ಟೇ ಏರ್ಪಾಡು. ಇದಕ್ಕೆ ಜಾಗೃತಿ ಜಾಥಾ ಬೇಕಾಗಿಲ್ಲ, ಗೋಡೆಬರಹ ಬೇಕಾಗಿಲ್ಲ. ಮಾರಿದ ವಸ್ತುವನ್ನು ಮಾರಿದವರೇ ವಾಪಸ್ ಪಡೆಯಬೇಕು ಎಂದು ಕಾಲು ಶತಮಾನದಿಂದ ನಿಯಮದ ಮೇಲೆ ನಿಯಮ ಮಾಡುತ್ತಿರುವ ಈ ದೇಶದಲ್ಲಿ ವಾಪಸ್ ಪಡೆಯುವುದು ಹೇಗೆಂದು ತೋರಿಸುವ ಉದಾಹರಣೆ ಪ್ರತಿ ಅಡುಗೆಮನೆಯಲ್ಲೂ ಕುಳಿತಿದೆ.

ಹಿಂದೆ ಇಂಥ ವಸ್ತುಗಳು ಇನ್ನೂ ಇದ್ದವು. ಗೋಲಿ ಸೋಡಾದ ಸೀಸೆಯನ್ನು ಅಂಗಡಿಯ ಮುಂದೆಯೇ ಕುಡಿದು ಇಟ್ಟು ಹೋಗಬೇಕಿತ್ತು. ಕೂಲ್‌ಡ್ರಿಂಕ್ ಬಾಟಲಿಯನ್ನು ಮನೆಗೆ ಒಯ್ಯಬೇಕಾದರೆ ಬಾಟಲಿಯ ದುಡ್ಡನ್ನು ಅಂಗಡಿಯವರ ಬಳಿ ಬಿಟ್ಟು ಹೋಗಬೇಕಿತ್ತು. ಕಂಪನಿಗಳಿಗೂ ಆಗ ಅದು ಬೇಕಿತ್ತು, ಏಕೆಂದರೆ ಒಳಗಿನ ಪಾನೀಯಕ್ಕಿಂತ ಹೊರಗಿನ ಗಾಜಿಗೇ ಹೆಚ್ಚು ಬೆಲೆ. ಪ್ಲಾಸ್ಟಿಕ್ ಬಂದು ಹೊರಗಿನದು ಒಳಗಿನದಕ್ಕಿಂತ ಅಗ್ಗವಾದ ದಿನವೇ ಬಾಟಲಿ ವಾಪಸ್ ಪಡೆಯುವ ಪದ್ಧತಿ ಸತ್ತಿತು. ತೊಳೆಯುವ ಖರ್ಚು, ಕ್ರೇಟ್ ಹೊರುವ ಖರ್ಚು, ಲಾರಿ ವಾಪಸ್ ತರುವ ಖರ್ಚು ಎಲ್ಲವೂ ಕಂಪನಿಯ ಲೆಕ್ಕದಿಂದ ಅಳಿಸಿಹೋಗಿ ಪಂಚಾಯಿತಿ, ಪುರಸಭೆಗಳ ತಲೆಗೆ ಬಂತು. ಬೆಳಗಿನ ಜಾವ ಹಾಲಿನ ಅಂಗಡಿಯ ಮುಂದೆ ನಿಲ್ಲುವ ವ್ಯಾನನ್ನು ಗಮನಿಸಿ. ಹಾಲಿನ ಪೊಟ್ಟಣ ತುಂಬಿದ ಪ್ಲಾಸ್ಟಿಕ್ ಕ್ರೇಟ್ ಇಳಿಯುತ್ತದೆ, ನಿನ್ನೆಯ ಖಾಲಿ ಕ್ರೇಟ್ ಎಣಿಸಿ ಏರುತ್ತದೆ. ಒಂದು ಕ್ರೇಟ್ ಕಡಿಮೆಯಾದರೂ ಅಂಗಡಿಯವರು ಉತ್ತರ ಕೊಡಬೇಕು. ಅದರೊಳಗಿದ್ದ ಪೊಟ್ಟಣಗಳ ಲೆಕ್ಕವನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಎರಡೂ ಪ್ಲಾಸ್ಟಿಕ್ಕೇ, ಎರಡೂ ಒಂದೇ ಗಾಡಿಯಲ್ಲಿ ಬಂದವು. ಒಂದಕ್ಕೆ ಲೆಕ್ಕವಿದೆ, ಇನ್ನೊಂದಕ್ಕಿಲ್ಲ.

ಉತ್ಪಾದಕರ ವಿಸ್ತೃತ ಹೊಣೆಗಾರಿಕೆ, ಸರ್ಕಾರಿ ಭಾಷೆಯಲ್ಲಿ ಇಪಿಆರ್, ಎಂಬ ತತ್ವ ಹುಟ್ಟಿದ್ದು ಹೀಗೆ ಅಳಿಸಿಹೋದ ಖರ್ಚನ್ನು ಮತ್ತೆ ಕಂಪನಿಯ ಲೆಕ್ಕಕ್ಕೆ ಬರೆಯುವುದಕ್ಕಾಗಿ. ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್ 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಅದಕ್ಕೆ ಈ ಹೆಸರಿಟ್ಟರು. ಮರುವರ್ಷವೇ ಜರ್ಮನಿ ಪ್ಯಾಕೇಜಿಂಗ್ ವಸ್ತುಗಳಿಗೆ ಅದನ್ನು ಕಾನೂನಾಗಿಸಿತು. ಕಸದ ಖರ್ಚು ತಯಾರಕರ ಮೇಲೆ ಬಿದ್ದರೆ ಅವರು ಕಸವಾಗದಂಥ, ಬಿಚ್ಚಲು ಸುಲಭವಾದಂಥ ವಸ್ತುವನ್ನೇ ತಯಾರಿಸುತ್ತಾರೆ ಎಂಬುದು ಇದರ ಜೀವಾಳ. ಭಾರತ ಈ ದಾರಿಗೆ ತಡವಾಗಿ ಬಂದದ್ದೇನಲ್ಲ. 2001ರಲ್ಲಿ ಸೀಸದ ಬ್ಯಾಟರಿಗಳಿಗೆ, 2011ರಲ್ಲಿ ಪ್ಲಾಸ್ಟಿಕ್ಕಿಗೆ ಮತ್ತು ಇ-ತ್ಯಾಜ್ಯಕ್ಕೆ, 2022ರಲ್ಲಿ ಟೈರು ಮತ್ತು ಎಲ್ಲ ಬಗೆಯ ಬ್ಯಾಟರಿಗಳಿಗೆ, ಆಮೇಲೆ ಬಳಸಿದ ಎಂಜಿನ್ ಆಯಿಲ್‌ಗೆ, 2025ರ ಏಪ್ರಿಲ್‌ನಿಂದ ಆಯುಸ್ಸು ಮುಗಿದ ವಾಹನಗಳಿಗೂ ಈ ಹೊಣೆಗಾರಿಕೆ ಅನ್ವಯವಾಗಿದೆ. ಹಾಳೆಯ ಮೇಲೆ ನೋಡಿದರೆ ನಮ್ಮಷ್ಟು ವಸ್ತುಗಳನ್ನು ಈ ವ್ಯಾಪ್ತಿಗೆ ತಂದ ಅಭಿವೃದ್ಧಿಶೀಲ ದೇಶಗಳು ಹೆಚ್ಚಿಲ್ಲ.

ಹಾಳೆಯಿಂದ ಕಣ್ಣೆತ್ತಿ ನೋಡಿದರೆ ಚಿತ್ರ ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂಕಿಅಂಶದ ಪ್ರಕಾರ 2021-22ರಲ್ಲಿ ದೇಶದಲ್ಲಿ ಹುಟ್ಟಿದ ಇ-ತ್ಯಾಜ್ಯ ಸುಮಾರು 16 ಲಕ್ಷ ಟನ್. ಅದರಲ್ಲಿ ಅಧಿಕೃತ ಘಟಕಗಳನ್ನು ತಲುಪಿದ್ದು 5.27 ಲಕ್ಷ ಟನ್, ಮೂರರಲ್ಲಿ ಒಂದು ಪಾಲು. ಆ ಹುಟ್ಟುವಳಿಯ ಲೆಕ್ಕವೂ ಕಂಪನಿಗಳು ಘೋಷಿಸಿದ ಮಾರಾಟದ ಮೇಲೆ ಕಟ್ಟಿದ್ದು, ನಿಯಮದ ಪಟ್ಟಿಯಲ್ಲಿದ್ದ 21 ಬಗೆಯ ಉಪಕರಣಗಳಿಗಷ್ಟೇ ಸೀಮಿತವಾದದ್ದು. ಎಲ್ಲ ಬಗೆಯ ಉಪಕರಣಗಳನ್ನು ಸೇರಿಸಿಕೊಂಡು ಲೆಕ್ಕ ಹಾಕುವ ವಿಶ್ವಸಂಸ್ಥೆಯ ಜಾಗತಿಕ ಇ-ತ್ಯಾಜ್ಯ ವರದಿ 2022ರಲ್ಲಿ ಭಾರತದ ಪಾಲು ನಲವತ್ತು ಲಕ್ಷ ಟನ್ನಿಗೂ ಹೆಚ್ಚು ಎನ್ನುತ್ತದೆ. ಯಾವ ಲೆಕ್ಕ ಹಿಡಿದರೂ, ಬಹುಪಾಲು ವಸ್ತು ಕಾನೂನು ತೋರಿಸಿದ ದಾರಿಯಲ್ಲಿ ನಡೆಯುತ್ತಿಲ್ಲ. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಕೇಳಿಬರುತ್ತವೆ: ಜನರಿಗೆ ಅರಿವಿಲ್ಲ, ಅಧಿಕಾರಿಗಳಿಗೆ ಇಚ್ಛಾಶಕ್ತಿಯಿಲ್ಲ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಮೂಲ ಕಾರಣ ಇನ್ನೊಂದಿದೆ ಎಂಬುದು ಈ ಬರಹದ ವಾದ. ನಮ್ಮ ನಿಯಮಗಳು ಮನೆಬಾಗಿಲಿನ ಬೆಲೆಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಜರ್ಮನಿಯ ಮನೆಯೊಂದಕ್ಕೆ ಹಳೆಯ ಫ್ರಿಜ್ ಒಂದು ಹೊರೆ. ಅದನ್ನು ಯಾರಾದರೂ ಉಚಿತವಾಗಿ ಒಯ್ದರೆ ಅದೇ ಉಪಕಾರ. ಭಾರತದ ಮನೆಗೆ ಅದೇ ಹಳೆಯ ಫ್ರಿಜ್ ಒಂದು ಆಸ್ತಿ. ಇಲ್ಲಿ ಹಳೆಯದನ್ನು ಎಸೆಯುವುದಿಲ್ಲ, ಮಾರುತ್ತೇವೆ. ಹಳೇ ಪೇಪರ್, ಹಳೇ ಕಬ್ಬಿಣ ಎಂದು ಕೂಗುತ್ತ ಗುಜರಿಯವರು ಬೀದಿಗೆ ಬರುತ್ತಾರೆ, ತಕ್ಕಡಿ ಹಿಡಿಯುತ್ತಾರೆ, ಚೌಕಾಸಿ ನಡೆಯುತ್ತದೆ, ದುಡ್ಡು ಕೈಗೆ ಬರುತ್ತದೆ. ರದ್ದಿ ಮಾರಿದ ದುಡ್ಡು ಎಷ್ಟೋ ಮನೆಗಳಲ್ಲಿ ಹೆಂಗಸರ ಸ್ವಂತ ಉಳಿತಾಯ. ಇಂಥ ಸಮಾಜಕ್ಕೆ ಯುರೋಪಿನ ಮಾದರಿಯನ್ನು ತಂದು, ಶೋರೂಮಿನ ಮೂಲೆಯಲ್ಲಿ ಒಂದು ಡಬ್ಬಿ ಇಟ್ಟು, ನಿಮ್ಮ ಹಳೆಯ ಫೋನನ್ನು ಇದರಲ್ಲಿ ಹಾಕಿ ಎಂದರೆ ಯಾರು ಹಾಕುತ್ತಾರೆ? ಒಂದೋ ಅದು ಬೀರುವಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಮಲಗುತ್ತದೆ, ಇಲ್ಲವೇ ಯಾವತ್ತೋ ಒಂದು ದಿನ ಗುಜರಿಯ ತಕ್ಕಡಿ ಏರುತ್ತದೆ. ಒಂದು ಫೋನಿನಲ್ಲಿ ಇರುವ ಚಿನ್ನ ಸುಮಾರು ಮೂವತ್ತು ಮಿಲಿಗ್ರಾಂ. ಒಂದು ಟನ್ ಫೋನುಗಳನ್ನು ಒಟ್ಟುಮಾಡಿದರೆ ಇನ್ನೂರು ಗ್ರಾಂ ಆಸುಪಾಸು. ಕೋಲಾರದ ಗಣಿ 2001ರಲ್ಲಿ ಮುಚ್ಚುವ ಹೊತ್ತಿಗೆ ಟನ್ ಅದಿರಿನಿಂದ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಎಂಬುದನ್ನು ನೆನೆದರೆ, ನಮ್ಮ ಡ್ರಾಯರುಗಳಲ್ಲಿ ಮಲಗಿರುವ ಗಣಿ ಎಷ್ಟು ಶ್ರೀಮಂತವಾದುದೆಂದು ತಿಳಿಯುತ್ತದೆ. ಅದನ್ನು ಪುಕ್ಕಟೆ ಕೊಡಿ ಎನ್ನುವ ಕಾನೂನು ಮೊದಲ ಹೆಜ್ಜೆಯಲ್ಲೇ ಸೋತಿರುತ್ತದೆ.

ಹಾಗಾದರೆ ಗುಜರಿಯವರು ಒಯ್ಯಲಿ ಬಿಡಿ, ಹೇಗೂ ಅಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಮತ್ತೆ ಬಳಕೆಗೆ ಬರುತ್ತದಲ್ಲ ಎಂದು ಕೇಳಬಹುದು. ಅರ್ಧ ನಿಜ. ಹಳೆಯ ಫ್ರಿಜ್ ಗುಜರಿ ಅಂಗಡಿಯ ಅಂಗಳ ತಲುಪಿದಾಗ ಏನಾಗುತ್ತದೆ ನೋಡಿ. ಎಲ್ಲಕ್ಕಿಂತ ಬೆಲೆಬಾಳುವ ಭಾಗ ಹಿಂಬದಿಯ ಕಂಪ್ರೆಸರ್, ಏಕೆಂದರೆ ಅದರೊಳಗೆ ತಾಮ್ರವಿದೆ. ಅದನ್ನು ಬಿಡಿಸಲು ಕಟಿಂಗ್ ಪ್ಲೇಯರ್ ಹಿಡಿದು ಸಣ್ಣ ಕೊಳವೆಯನ್ನು ಕತ್ತರಿಸುತ್ತಾರೆ. ಬುಸ್ ಎಂದು ಕೆಲವು ಕ್ಷಣ ಸದ್ದು ಬರುತ್ತದೆ, ಆಮೇಲೆ ನಿಲ್ಲುತ್ತದೆ. ಆ ಬುಸ್ ಎಂದದ್ದು ತಂಪುಮಾಡುವ ಅನಿಲ. ಅನೇಕ ಹಳೆಯ ಫ್ರಿಜ್‌ಗಳಲ್ಲಿರುವ 134ಎ ಎಂಬ ಅನಿಲ ಭೂಮಿಯನ್ನು ಬಿಸಿಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟು ಮುಂದು. ಅದನ್ನು ಹಿಡಿದಿಟ್ಟರೆ ಗುಜರಿಯವರಿಗೆ ಚಿಕ್ಕಾಸೂ ಸಿಗುವುದಿಲ್ಲ. ಹಿಡಿಯುವ ಯಂತ್ರಕ್ಕೆ ಅವರೇ ದುಡ್ಡು ಸುರಿಯಬೇಕು. ಹಾಗಾಗಿ ಬಿಡುತ್ತಾರೆ. ತಗಡು ಒಂದು ಕಡೆ, ಗಾಜಿನ ತಟ್ಟೆ ಒಂದು ಕಡೆ, ಅಲ್ಯುಮಿನಿಯಂ ಒಂದು ಕಡೆ. ಬಾಗಿಲಿನೊಳಗಿನ ಹಳದಿ ಫೋಮ್‌ಗೆ ಗಿರಾಕಿಯಿಲ್ಲ, ಅದು ಕಾಲುವೆಯ ಪಕ್ಕದ ಬೆಂಕಿಗೆ. ಬೆಲೆಯಿರುವ ಭಾಗಗಳನ್ನು ಈ ವ್ಯವಸ್ಥೆ ಬಹಳ ಚೊಕ್ಕವಾಗಿ ಉಳಿಸುತ್ತದೆ. ಬೆಲೆಯಿಲ್ಲದ ಭಾಗ, ಅಂದರೆ ವಿಷದ ಭಾಗ, ಗಾಳಿಗೆ, ನೀರಿಗೆ, ಮಣ್ಣಿಗೆ ಹೋಗುತ್ತದೆ.

ಇದನ್ನು ಇನ್ನೂ ಕಠೋರವಾಗಿ ತೋರಿಸುವುದು ಬ್ಯಾಟರಿ. ಇನ್ವರ್ಟರ್, ಆಟೊ, ಕಾರುಗಳ ಸೀಸದ ಬ್ಯಾಟರಿಯನ್ನು ಕಸಕ್ಕೆ ಹಾಕಿದ ಮನೆ ಇಲ್ಲವೆಂದೇ ಹೇಳಬಹುದು. ಹೊಸದನ್ನು ಕೊಳ್ಳುವಾಗ ಹಳೆಯದಕ್ಕೆ ಅಂಗಡಿಯಲ್ಲೇ ಬೆಲೆ ಕಟ್ಟಿ ಮುರಿದುಕೊಳ್ಳುತ್ತಾರೆ. 2001ರ ನಿಯಮವೂ ಮೊದಲ ವರ್ಷ ಶೇ 50, ಮರುವರ್ಷ ಶೇ 75, ಮೂರನೆಯ ವರ್ಷದಿಂದ ಶೇ 90ರಷ್ಟು ಬ್ಯಾಟರಿಗಳನ್ನು ವಾಪಸ್ ಪಡೆಯಬೇಕೆಂದು ವಿಧಿಸಿತ್ತು. ವಾಪಸ್ ಬರುವುದೇ ಗುರಿಯಾಗಿದ್ದರೆ ಅದು ಈಡೇರಿದೆ. ಆದರೆ ವಾಪಸ್ ಬಂದದ್ದು ಹೋದದ್ದೆಲ್ಲಿಗೆ? ಆಸಿಡ್ಡನ್ನು ಚರಂಡಿಗೆ ಸುರಿದು, ಪೆಟ್ಟಿಗೆಯನ್ನು ಕೊಡಲಿಯಿಂದ ಒಡೆದು, ಸೀಸದ ತಟ್ಟೆಗಳನ್ನು ತೆರೆದ ಭಟ್ಟಿಯಲ್ಲಿ ಕರಗಿಸುವ ಅಡ್ಡೆಗಳು ಹೆಚ್ಚು ಬೆಲೆ ಕೊಡಬಲ್ಲವು. ಹೊಗೆ ಶುದ್ಧೀಕರಿಸುವ ಯಂತ್ರ ಅವರಿಗಿಲ್ಲ, ಆಸಿಡ್ ತಟಸ್ಥಗೊಳಿಸುವ ಖರ್ಚಿಲ್ಲ, ತೆರಿಗೆಯ ಬಿಲ್ಲಿಲ್ಲ. ಇವೆಲ್ಲವನ್ನೂ ಮಾಡುವ ಅಧಿಕೃತ ಘಟಕ ಆ ಬೆಲೆಗೆ ಕೊಳ್ಳಲಾರದು. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ವರದಿಯ ಅಂದಾಜಿನಂತೆ, ಭಾರತದ ಸುಮಾರು 27 ಕೋಟಿ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ಪ್ರತಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚಿದೆ. ಬ್ಯಾಟರಿ ಭಟ್ಟಿಯೊಂದೇ ಇದಕ್ಕೆ ಕಾರಣವಲ್ಲ. ಬಣ್ಣ, ಕಲಬೆರಕೆಯ ಮಸಾಲೆ ಪುಡಿಯಂಥವೂ ಇವೆ. ಆದರೆ ಆ ವರದಿ ಪ್ರಮುಖವಾಗಿ ಬೊಟ್ಟು ಮಾಡಿದ್ದು ಬ್ಯಾಟರಿಯ ಅಕ್ರಮ ಕರಗಿಸುವಿಕೆಯ ಕಡೆಗೇ. ಮಗುವಿನ ಬುದ್ಧಿಶಕ್ತಿಯನ್ನು ಎಳವೆಯಲ್ಲೇ ಕುಗ್ಗಿಸುವ ವಿಷಕ್ಕೆ ಯಾವ ಪರಿಹಾರಧನವೂ ಸರಿಗಟ್ಟದು.

ಮನೆಬಾಗಿಲಲ್ಲಿ ಬೆಲೆಯಿಲ್ಲದಿದ್ದರೆ ವಸ್ತು ಬರುವುದಿಲ್ಲ. ಹಿತ್ತಿಲಲ್ಲಿ, ಅಂದರೆ ವಿಷ ಬಿಡಿಸುವ ಜಾಗದಲ್ಲಿ, ಯಾರೂ ದುಡ್ಡು ಕೊಡದಿದ್ದರೆ ಬಂದ ವಸ್ತು ಕೊಳಕು ದಾರಿ ಹಿಡಿಯುತ್ತದೆ. ತಯಾರಕರ ಹಣ ಈ ಎರಡು ಜಾಗಗಳಿಗೆ ತಲುಪಬೇಕು. ನಮ್ಮ ನಿಯಮಗಳು ಅದನ್ನು ಮೂರನೆಯ ಜಾಗಕ್ಕೆ, ಪ್ರಮಾಣಪತ್ರದ ಪೋರ್ಟಲ್ಲಿಗೆ, ಕಳಿಸುತ್ತಿವೆ. 2016ರ ಇ-ತ್ಯಾಜ್ಯ ನಿಯಮದಲ್ಲಿ ಡಿಪಾಸಿಟ್ ಪದ್ಧತಿಯ ಪ್ರಸ್ತಾಪವಿತ್ತು. ಮಾರುವಾಗ ಒಂದಿಷ್ಟು ಹಣ ಹಿಡಿದಿಟ್ಟು, ಆಯುಸ್ಸು ಮುಗಿದ ಉಪಕರಣವನ್ನು ತಂದುಕೊಟ್ಟಾಗ ಬಡ್ಡಿಯೊಂದಿಗೆ ಮರಳಿಸುವ ಏರ್ಪಾಡು ಅದು. ಆದರೆ ಅದನ್ನು ಕಂಪನಿಗಳ ಇಚ್ಛೆಗೆ ಬಿಡಲಾಯಿತು, ಇಚ್ಛೆಗೆ ಬಿಟ್ಟದ್ದು ಹಾಳೆಯಲ್ಲೇ ಉಳಿಯಿತು. 2022ರಲ್ಲಿ ಹೊಸ ನಿಯಮ ಬಂತು, 2023ರ ಏಪ್ರಿಲ್ 1ರಿಂದ ಜಾರಿಯಾಯಿತು. ಉಪಕರಣಗಳ ಪಟ್ಟಿ 21ರಿಂದ 106ಕ್ಕೆ ಏರಿತು, ಗುರಿ ಶೇ 60ರಿಂದ ಶುರುವಾಗಿ ಶೇ 80ಕ್ಕೆ ಹೋಗುವಂತೆ ನಿಗದಿಯಾಯಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಸಂಗ್ರಹಣಾ ಕೇಂದ್ರ, ಬಿಚ್ಚುವವರು, ವ್ಯಾಪಾರಿ ಇವರೆಲ್ಲ ನೋಂದಣಿಯ ಚೌಕಟ್ಟಿನಿಂದ ಹೊರಬಿದ್ದರು. ಉಳಿದವರು ತಯಾರಿಸುವವರು, ಮಾರುಕಟ್ಟೆಗೆ ತರುವವರು, ದುರಸ್ತಿ ಮಾಡುವವರು, ಮರುಬಳಕೆ ಘಟಕದವರು. ಮರುಬಳಕೆ ಘಟಕ ಪ್ರಮಾಣಪತ್ರ ಹುಟ್ಟಿಸುತ್ತದೆ, ಕಂಪನಿ ಅದನ್ನು ಕೊಂಡು ತನ್ನ ಗುರಿ ಮುಟ್ಟಿತೆಂದು ತೋರಿಸುತ್ತದೆ. ಆ ಪತ್ರದ ಲೆಕ್ಕವೂ ಚಿನ್ನ, ತಾಮ್ರ, ಕಬ್ಬಿಣ, ಅಲ್ಯುಮಿನಿಯಂ ಎಂಬ ನಾಲ್ಕು ಲೋಹಗಳ ಮೇಲೆ ನಿಂತಿದೆ. ಅವು ಗುಜರಿಯವರು ಯಾವ ಕಾನೂನೂ ಇಲ್ಲದೆ ಹೇಗೂ ಉಳಿಸುವ ಲೋಹಗಳೇ. ಫ್ರಿಜ್ಜಿನ ಆ ಅನಿಲಕ್ಕಾಗಲಿ, ಹಳೇ ಟಿ.ವಿ.ಯ ಸೀಸದ ಗಾಜಿಗಾಗಲಿ ಆ ಲೆಕ್ಕದಲ್ಲಿ ಜಾಗವಿಲ್ಲ. ಹಣ ಬೇಕಾಗಿರುವುದೇ ಅವಕ್ಕೆ.

ವಸ್ತುವನ್ನು ಬಿಟ್ಟು ಕಾಗದವನ್ನು ಕೊಳ್ಳುವ ವ್ಯವಸ್ಥೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಪ್ಲಾಸ್ಟಿಕ್ ಆಗಲೇ ತೋರಿಸಿಕೊಟ್ಟಿದೆ. 2022ರ ಫೆಬ್ರುವರಿಯಲ್ಲಿ ಪ್ಲಾಸ್ಟಿಕ್ ಪ್ಯಾಕೇಜಿಂಗಿಗೆ ಇದೇ ಬಗೆಯ ಪ್ರಮಾಣಪತ್ರ ಪದ್ಧತಿ ಬಂತು. ಒಂದು ವರ್ಷ ಕಳೆದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆಗೆ ಇಳಿದಾಗ ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ನಾಲ್ಕು ಘಟಕಗಳು ಸುಮಾರು ಆರು ಲಕ್ಷ ನಕಲಿ ಪ್ರಮಾಣಪತ್ರಗಳನ್ನು ಸೃಷ್ಟಿಸಿದ್ದು ಬಯಲಾಯಿತು. ಕರಗಿಸದೇ ಇದ್ದ ಪ್ಲಾಸ್ಟಿಕ್ಕನ್ನು ಕರಗಿಸಿದಂತೆ ಬರೆದುಕೊಂಡಿದ್ದವು. ಮಂಡಳಿ ದಂಡ ಹಾಕಿತು, ಪೋರ್ಟಲ್ಲನ್ನು ಬಿಗಿ ಮಾಡಿತು. ಇದನ್ನು ನಾಲ್ಕು ಜನ ವಂಚಕರ ಕಥೆಯೆಂದು ಮುಗಿಸಿಬಿಡುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಕೊಳ್ಳುವವರಿಗೆ ಬೇಕಿರುವುದು ಅತಿ ಅಗ್ಗದ ಪತ್ರ, ಮಾರುವವರಿಗೆ ಪತ್ರ ಹುಟ್ಟಿಸಲು ವಸ್ತು ಬೇಕೆಂಬ ಕಟ್ಟುಪಾಡು ಸಡಿಲ, ಪರಿಶೀಲಿಸುವವರ ಸಂಖ್ಯೆ ಬೆರಳೆಣಿಕೆ. ಇಂಥ ಪೇಟೆಯಲ್ಲಿ ಪ್ರಾಮಾಣಿಕವಾಗಿ ಕಸ ಕೊಂಡು, ತೊಳೆದು, ಕರಗಿಸುವ ಘಟಕವೇ ಮೊದಲು ನಷ್ಟಕ್ಕೆ ಬೀಳುತ್ತದೆ.

ವಸ್ತುವಿನ ಮೇಲೆಯೇ ಹಣ ಇಟ್ಟರೆ ಏನಾಗುತ್ತದೆಂದು ನೋಡಲು ಬಂಡೀಪುರದ ಆಚೆ ಕಾಲಿಟ್ಟರೆ ಸಾಕು. ನೀಲಗಿರಿಯ ಕಾಡಂಚಿನಲ್ಲಿ ಕುಡಿದು ಎಸೆದ ಸೀಸೆಯ ಚೂರುಗಳು ಆನೆ ಮೊದಲಾದ ಪ್ರಾಣಿಗಳ ಕಾಲು ಸೀಳುತ್ತಿದ್ದವು. ಮದ್ರಾಸ್ ಹೈಕೋರ್ಟ್ ಈ ವಿಷಯವನ್ನು ಕೈಗೆತ್ತಿಕೊಂಡು ಒತ್ತಿದ ಮೇಲೆ ತಮಿಳುನಾಡಿನ ಸರ್ಕಾರಿ ಮದ್ಯದಂಗಡಿಗಳು 2022ರ ಮೇ ತಿಂಗಳಿಂದ ಆ ಜಿಲ್ಲೆಯಲ್ಲಿ ಪ್ರತಿ ಸೀಸೆಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಸೀಸೆ ತಂದರೆ ಅದನ್ನು ಮರಳಿಸತೊಡಗಿದವು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸೀಸೆಗಳು ವಾಪಸ್ ಬಂದವು. ಕುಡಿದವರು ತರದಿದ್ದರೆ ಬೇರೆ ಯಾರಾದರೂ ಹೆಕ್ಕಿ ತಂದರು, ಏಕೆಂದರೆ ಬಿದ್ದಿರುವ ಸೀಸೆ ಈಗ ಬಿದ್ದಿರುವ ಹತ್ತು ರೂಪಾಯಿ. ಪದ್ಧತಿ ಆಮೇಲೆ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕೇರಳ 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರಿನ ಕೆಲವು ಮಳಿಗೆಗಳಲ್ಲಿ 20 ರೂಪಾಯಿ ಡಿಪಾಸಿಟ್ಟಿನ ಪ್ರಯೋಗಕ್ಕೆ ಕೈಹಾಕಿತು. ಜರ್ಮನಿಯ ಅನುಭವವೂ ಬೇರೆಯಲ್ಲ. ಒಮ್ಮೆ ಬಳಸಿ ಬಿಡುವ ಬಾಟಲಿಗಳಿಗೆ 2003ರಲ್ಲಿ ಡಿಪಾಸಿಟ್ ವಿಧಿಸಿದ ಅಲ್ಲಿ ಇಂದು ನೂರರಲ್ಲಿ ತೊಂಬತ್ತೇಳೋ ತೊಂಬತ್ತೆಂಟೋ ಬಾಟಲಿಗಳು ಮರಳುತ್ತವೆ. ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಪೂರ್ತಿ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ಪ್ರತಿಯೊಂದು ಪೆಟ್ಟಿಗೆಯ ಲೆಕ್ಕ ಸರ್ಕಾರದ ಬಳಿ ಇದೆ. ಹೊಲದ ಬದುಗಳಲ್ಲಿ, ಕೆರೆ ಏರಿಯ ಮೇಲೆ, ಶಾಲೆಯ ಹಿಂಬದಿಯಲ್ಲಿ ಬಿದ್ದಿರುವ 90 ಎಂ.ಎಲ್. ಟೆಟ್ರಾ ಪ್ಯಾಕ್‌ಗಳನ್ನೂ ಸೀಸೆಯ ಚೂರುಗಳನ್ನೂ ನೋಡಿದವರಿಗೆ, ಪಕ್ಕದ ಜಿಲ್ಲೆಯಲ್ಲಿ ಸಾಧ್ಯವಾದದ್ದು ಇಲ್ಲೇಕೆ ಆಗಿಲ್ಲ ಎಂಬ ಪ್ರಶ್ನೆ ಏಳಲೇಬೇಕು.

ಉದ್ಯಮದ ಕಡೆಯಿಂದ ಬರುವ ಮೊದಲ ಆಕ್ಷೇಪ ಬೆಲೆಯದು. ಮಂಡಳಿ 2024ರಲ್ಲಿ ಇ-ತ್ಯಾಜ್ಯದ ಪ್ರಮಾಣಪತ್ರಕ್ಕೆ ಕನಿಷ್ಠ ಬೆಲೆ ಗೊತ್ತುಮಾಡಿತು, ಫ್ರಿಜ್, ಟಿ.ವಿ., ಎ.ಸಿ.ಯಂಥವಕ್ಕೆ ಕೆ.ಜಿ.ಗೆ 22 ರೂಪಾಯಿ. ಹಲವು ದೊಡ್ಡ ಕಂಪನಿಗಳು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವು. ತಮ್ಮ ಖರ್ಚು ಹಲವು ಪಟ್ಟು ಏರುತ್ತದೆ, ಬೆಲೆಯನ್ನು ಮಾರುಕಟ್ಟೆ ನಿರ್ಧರಿಸಬೇಕು, ಕೊನೆಗೆ ಗ್ರಾಹಕರೇ ಹೊರಬೇಕಾಗುತ್ತದೆ ಎಂಬುದು ಅವುಗಳ ವಾದ. ಲೆಕ್ಕ ಹಾಕೋಣ. ಐವತ್ತು ಕೆ.ಜಿ. ತೂಗುವ ಫ್ರಿಜ್ಜಿಗೆ ಇದು 1,100 ರೂಪಾಯಿ. ಹತ್ತು ವರ್ಷ ಬಾಳುವ ಫ್ರಿಜ್ಜಿನ ಮೇಲೆ ಹರಡಿದರೆ ತಿಂಗಳಿಗೆ ಹತ್ತು ರೂಪಾಯಿಯೂ ಆಗುವುದಿಲ್ಲ. ಈ ಖರ್ಚು ಇವತ್ತು ಇಲ್ಲವೆಂದಲ್ಲ. ಅದನ್ನು ಭಟ್ಟಿಯ ಪಕ್ಕದ ಗುಡಿಸಲಿನ ಮಗು ಉಸಿರಿನಲ್ಲಿ ಕೊಡುತ್ತಿದೆ. ಕೊಳ್ಳುವವರು ಕೊಡುವುದಕ್ಕಿಂತ, ಫ್ರಿಜ್ಜನ್ನೇ ಕೊಳ್ಳಲಾಗದವರು ಕೊಡುವುದು ಯಾವ ನ್ಯಾಯ? ಇನ್ನು ಮಾರುಕಟ್ಟೆಯ ಮಾತು. ಪ್ರಮಾಣಪತ್ರ ಅಕ್ಕಿ, ಬೇಳೆಯಂಥ ಸರಕಲ್ಲ. ಅಕ್ಕಿ ಅಗ್ಗವಾದರೆ ಅಕ್ಕಿಯೇ ಸಿಗುತ್ತದೆ. ಪ್ರಮಾಣಪತ್ರ ತೀರಾ ಅಗ್ಗವಾದರೆ ಅದರ ಹಿಂದಿನ ಕೆಲಸವೇ ಆಗಿಲ್ಲವೆಂದು ಅರ್ಥ. ಆದರೆ ಕಂಪನಿಗಳ ಒಂದು ದೂರಿನಲ್ಲಿ ಹುರುಳಿದೆ ಎಂದು ಒಪ್ಪಿಕೊಳ್ಳಬೇಕು. ಕನಿಷ್ಠ ಬೆಲೆಯ ಹಣ ಘಟಕದ ಮಾಲೀಕರ ಜೇಬಿನಲ್ಲೇ ನಿಂತು, ಸಂಗ್ರಹಿಸಿದವರ ಕೈಗೂ ವಿಷ ಬಿಡಿಸುವ ಕೆಲಸಕ್ಕೂ ಹೋಗದಿದ್ದರೆ ಅದು ಬರೀ ಸುಂಕ. ಅದಕ್ಕೆ ಮದ್ದು ಕನಿಷ್ಠ ಬೆಲೆಯನ್ನು ತೆಗೆಯುವುದಲ್ಲ, ಆ ಹಣ ಎಲ್ಲಿಗೆ ಹೋಯಿತೆಂದು ಘಟಕ ತೋರಿಸಲೇಬೇಕೆಂದು ವಿಧಿಸುವುದು.

ಎರಡನೆಯ ಆಕ್ಷೇಪ ಪರಿಸರದ ಕಾಳಜಿಯುಳ್ಳವರಿಂದಲೇ ಬರುತ್ತದೆ. ಗುಜರಿ ಜಾಲವೇ ಮಾಲಿನ್ಯದ ಮೂಲ, ಅದಕ್ಕೆ ಹಣ ಹೋಗುವಂತೆ ಮಾಡಿದರೆ ಕೊಳಕು ಕೆಲಸಕ್ಕೆ ಕಾನೂನಿನ ಮುದ್ರೆ ಒತ್ತಿದಂತೆ ಎನ್ನುತ್ತಾರೆ. ಇಲ್ಲಿ ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ಎಣಿಸುವ ತಪ್ಪು ನಡೆಯುತ್ತಿದೆ. ಮನೆಮನೆಯಿಂದ ಕೊಳ್ಳುವುದು, ವಿಂಗಡಿಸುವುದು, ಸ್ಕ್ರೂ ಬಿಚ್ಚಿ ಭಾಗ ಮಾಡುವುದು ಒಂದು. ಆಸಿಡ್ಡಿನಲ್ಲಿ ಅದ್ದುವುದು, ವೈರು ಸುಡುವುದು, ಸೀಸ ಕರಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಗುಜರಿಯವರನ್ನು ಮೀರಿಸುವ ಯಂತ್ರವಿಲ್ಲ. ಸರ್ಕ್ಯೂಟ್ ಬೋರ್ಡನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡಿದರೆ ಚಿನ್ನದ ಒಂದಂಶ ಧೂಳಿನಲ್ಲಿ ಕಳೆದುಹೋಗುತ್ತದೆ. ಕೈಯಿಂದ ಬಿಚ್ಚಿದರೆ ಹೆಚ್ಚು ಉಳಿಯುತ್ತದೆ. ಬಿಚ್ಚುವುದನ್ನು ಇಲ್ಲಿನ ಕೈಗಳಿಗೆ ಬಿಟ್ಟು, ಬೋರ್ಡನ್ನು ಯುರೋಪಿನ ಶುದ್ಧ ಕರಗಿಸುವ ಘಟಕಕ್ಕೆ ಕಳಿಸಿ ಬಂದ ಹಣ ಹಂಚುವ ಪ್ರಯೋಗ ಎರಡು ದಶಕದ ಹಿಂದೆ ಬೆಂಗಳೂರಿನಲ್ಲೇ ನಡೆದಿತ್ತು. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಘಟಕ 2005ರಲ್ಲಿ ಶುರುವಾದದ್ದೂ ಇಲ್ಲೇ ಹತ್ತಿರದ ದಾಬಸ್‌ಪೇಟೆಯಲ್ಲಿ. ಮಂಡೂರು, ಮಾವಳ್ಳಿಪುರದ ಜನ ತಮ್ಮೂರಿಗೆ ಬೆಂಗಳೂರಿನ ಕಸ ಬೇಡವೆಂದು ಎದ್ದು ನಿಂತ ವರ್ಷಗಳಲ್ಲಿ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟಿತು, ವಾರ್ಡುಗಳಲ್ಲಿ ಒಣಕಸ ಸಂಗ್ರಹ ಕೇಂದ್ರ ತೆರೆಯಿತು, ಅವುಗಳಲ್ಲಿ ಹಲವನ್ನು ಆ ಜನರೇ ನಡೆಸಿದರು. ಪುಣೆಯ ‘ಸ್ವಚ್ಛ್’ ಸಹಕಾರ ಸಂಘ ಪೂರ್ತಿ ಕಸ ಆಯುವವರ ಒಡೆತನದ್ದು. ಬ್ರೆಜಿಲ್ 2010ರ ತನ್ನ ಕಸ ನೀತಿಯಲ್ಲೇ ಆಯುವವರ ಸಹಕಾರ ಸಂಘಗಳಿಗೆ ಜಾಗ ಕೊಟ್ಟಿತು. ಇವರನ್ನು ನಿಯಮದ ಹೊರಗಿಟ್ಟು ಮಾಲಿನ್ಯ ತಡೆಯುತ್ತೇವೆನ್ನುವುದು, ನಾಟಿ ಮಾಡುವವರನ್ನು ಗದ್ದೆಗೆ ಇಳಿಸದೆ ಬೆಳೆ ತೆಗೆಯುತ್ತೇವೆಂದಂತೆ. ಇವರಿಗೆ ಚೀಟಿ, ಜಾಗ, ಕೈಗವಸು, ಕೆ.ಜಿ.ಗೆ ಇಂತಿಷ್ಟು ಸಂಗ್ರಹದ ಹಣ ಕೊಡಬೇಕು. ಭಟ್ಟಿಗೆ ಮಾತ್ರ ಬೀಗ ಹಾಕಬೇಕು. ಅಧಿಕೃತ ಘಟಕ ಕೊಡುವ ಬೆಲೆ ಭಟ್ಟಿಯವರು ಕೊಡುವುದಕ್ಕಿಂತ ಒಂದು ರೂಪಾಯಿ ಹೆಚ್ಚಾದ ದಿನ ಬ್ಯಾಟರಿ ತಾನಾಗಿಯೇ ಸರಿದಾರಿ ಹಿಡಿಯುತ್ತದೆ. ಆ ವ್ಯತ್ಯಾಸದ ಹಣವೇ ತಯಾರಕರ ನಿಜವಾದ ಹೊಣೆ.

ಅಂಗಡಿಯವರಿಗೆ ತೊಂದರೆ ಎನ್ನುವುದು ಮೂರನೆಯ ಮಾತು. ಇದು ಬರೀ ನೆಪವಲ್ಲ. ತಮಿಳುನಾಡಿನ ಮದ್ಯದಂಗಡಿಗಳ ನೌಕರರು ಜಾಗವಿಲ್ಲ, ಆಳಿಲ್ಲ, ಗಬ್ಬು ವಾಸನೆಯ ಸೀಸೆಗಳ ನಡುವೆ ನಿಲ್ಲಬೇಕು ಎಂದು ಪ್ರತಿಭಟಿಸಿದ್ದುಂಟು. ವಾಪಸ್ ಪಡೆಯುವ ಕೆಲಸಕ್ಕೆ ಪ್ರತಿ ಸೀಸೆಗೆ ಇಂತಿಷ್ಟೆಂದು ಕೂಲಿ ಗೊತ್ತಾಗಬೇಕು. ಮರಳಿ ಬಾರದ ಸೀಸೆಗಳ ಡಿಪಾಸಿಟ್ ಹಣವೇ ಅದಕ್ಕೆ ಮೊದಲ ಆಧಾರವಾಗಬಹುದು. ಡಿಪಾಸಿಟ್ ಬಡವರಿಗೆ ಹೊರೆ ಎಂದೂ ಕೆಲವರು ಹೇಳುತ್ತಾರೆ. ಮರಳಿ ಸಿಗುವ ಹಣ ಹೊರೆಯಲ್ಲ, ಅದನ್ನು ಬೇಡವೆಂದು ಬಿಟ್ಟವರ ಹಣ ಹೆಕ್ಕಿ ತಂದವರ ಸಂಪಾದನೆ. ಇನ್ನು ಬಿಲ್ಲಿಲ್ಲದ, ಹೆಸರಿಲ್ಲದ ಚಾರ್ಜರು, ಇಯರ್‌ಫೋನು, ಟಾರ್ಚುಗಳ ಪ್ರಶ್ನೆ ನಿಜಕ್ಕೂ ಕಠಿಣ. ತಯಾರಕರೇ ಯಾರೆಂದು ಗೊತ್ತಿಲ್ಲದಾಗ ಹೊಣೆ ಯಾರದು? ಇಂಥವು ದೇಶದೊಳಕ್ಕೆ ಬರುವ ಬಂದರಿನಲ್ಲೇ ಡಿಪಾಸಿಟ್ ಹಿಡಿಯುವುದೊಂದೇ ದಾರಿ. ಅದು ಪೂರ್ತಿ ಕೈಗೂಡದಿದ್ದರೂ, ಹೆಸರಿರುವ ದೊಡ್ಡ ತಯಾರಕರನ್ನು ಬಿಟ್ಟುಬಿಡಲು ಅದು ಕಾರಣವಾಗಬಾರದು.

ಶಾಂಪೂ ಸ್ಯಾಶೆಗೆ ಮಾತ್ರ ಈ ವಾದ ಹೊಂದುವುದಿಲ್ಲ. ಒಂದೆರಡು ರೂಪಾಯಿಯ ಸ್ಯಾಶೆಗೆ ಐದು ರೂಪಾಯಿ ಡಿಪಾಸಿಟ್ ಇಡಲಾಗದು. ಇಪ್ಪತ್ತು ಪೈಸೆ ಇಟ್ಟರೆ ಯಾರೂ ಅದನ್ನು ವಾಪಸ್ ತರರು. ಕೈಯಲ್ಲಿ ಹಿಡಿದು ನೋಡಿದರೆ ಅದರ ಕಷ್ಟ ತಿಳಿಯುತ್ತದೆ. ಮೇಲೆ ಬಣ್ಣ ಅಚ್ಚಾದ ಒಂದು ಪದರ, ನಡುವೆ ಹೊಳೆಯುವ ಲೋಹದ ಪದರ, ಒಳಗೆ ಅಂಟಿಕೊಳ್ಳುವ ಇನ್ನೊಂದು ಪ್ಲಾಸ್ಟಿಕ್ ಪದರ. ಮೂರನ್ನೂ ಬೇರ್ಪಡಿಸುವ ಖರ್ಚು ಮೂರರ ಬೆಲೆಯನ್ನೂ ಮೀರುತ್ತದೆ. ಚಿಂದಿ ಆಯುವವರು ಕೂಡ ಇದನ್ನು ದಾಟಿಕೊಂಡು ಹೋಗುತ್ತಾರೆ, ಏಕೆಂದರೆ ದಿನವಿಡೀ ಬಗ್ಗಿ ಆಯ್ದರೂ ಒಂದು ಹೊತ್ತಿನ ಊಟದಷ್ಟು ಹುಟ್ಟುವುದಿಲ್ಲ. ವಾಪಸ್ ಪಡೆಯಲಾಗದ ವಸ್ತುವಿಗೆ ವಾಪಸಾತಿಯ ನಿಯಮ ಬರೆಯುವುದು ಮೂಗಿಗೆ ತುಪ್ಪ ಸವರಿದಂತೆ. ಇದನ್ನು 2016ರ ಪ್ಲಾಸ್ಟಿಕ್ ನಿಯಮ ಬರೆದವರು ಅರಿತಿದ್ದರು. ಮರುಬಳಕೆಗೆ ಒಗ್ಗದ ಬಹುಪದರದ ಪ್ಲಾಸ್ಟಿಕ್ಕಿನ ತಯಾರಿಕೆ ಮತ್ತು ಬಳಕೆ ಎರಡು ವರ್ಷಗಳೊಳಗೆ ಹಂತಹಂತವಾಗಿ ನಿಲ್ಲಬೇಕೆಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಎರಡು ವರ್ಷ ತುಂಬುವ ಹೊತ್ತಿಗೆ, 2018ರಲ್ಲಿ, ತಿದ್ದುಪಡಿ ಬಂತು. ಮರುಬಳಕೆಗೆ ಒಗ್ಗದ, ಸುಟ್ಟು ಶಕ್ತಿ ಪಡೆಯಲೂ ಬಾರದ, ಬೇರೆ ಉಪಯೋಗವೂ ಇಲ್ಲದ ಪ್ಲಾಸ್ಟಿಕ್ಕಿಗೆ ಮಾತ್ರ ಆ ಮಾತು ಅನ್ವಯಿಸುತ್ತದೆಂದು ಕೆಲವೇ ಪದಗಳು ಸೇರಿಕೊಂಡವು. ಯಾವ ಪ್ಲಾಸ್ಟಿಕ್ಕಾದರೂ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯುತ್ತದೆ, ಹಾಗಾಗಿ ಯಾವ ಸ್ಯಾಶೆಯೂ ನಿಲ್ಲಬೇಕಾಗಿಲ್ಲ. ಆ ಕೆಲವು ಪದಗಳನ್ನು ತೆಗೆಯಲು ಹೊಸ ತಂತ್ರಜ್ಞಾನ ಬೇಡ, ಹೊಸ ಪೋರ್ಟಲ್ ಬೇಡ, ವಿದೇಶಿ ಮಾದರಿಯೂ ಬೇಡ. ಪರಿಸರ ಸಚಿವಾಲಯದ ಇನ್ನೊಂದು ಅಧಿಸೂಚನೆ ಸಾಕು.